ಗೋಡೆಗೆ ಬಡಿದ ಕಪಾಟು

ಎರಡು ಸಾವಿರದ ಇಸವಿಯ ಆಚೀಚೆ ನಾನು ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಫರ್ನಿಚರ್ ಅಂಗಡಿಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಮಾಡ್ಯುಲರ್ ಕಪಾಟುಗಳನ್ನು ಗಿರಾಕಿಗಳ ಮನೆಯಲ್ಲಿ ಜೋಡಿಸುವುದು, ಅವರು ಮನೆ ಬದಲಿಸಿದಾಗ ಬಿಚ್ಚಿ ಮತ್ತೆ ಜೋಡಿಸಿಕೊಡುವುದು ನನ್ನ ಕೆಲಸ. ಬಹಳ ಮನೆ ನೋಡಿದ್ದೇನೆ. ಹಿರೇಹಡಗಲಿಯ ಆ ಮನೆಯಂಥ ದರಿದ್ರ ಮನೆ ಇನ್ನೊಂದು ನೋಡಲಿಲ್ಲ.

ಆ ಮನೆಯ ಸೊಸೆ ಶಾಂತಮ್ಮ. ಮದುವೆಯಲ್ಲಿ ಆಕೆಯ ತವರಿನವರು ಕೊಟ್ಟ ಮೂರು ಬಾಗಿಲಿನ ಕಪಾಟನ್ನು ಅಲ್ಲಿ ಜೋಡಿಸಿದವನು ನಾನೇ. ಗಂಡ ಕೈ ಮಾಡುತ್ತಿದ್ದ. ಸಾಕಾಗಿ ಆಕೆ ಕೊಟ್ಟೂರಿನಲ್ಲಿ ಕೋಣೆ ಹಿಡಿದು ಹೊಲಿಗೆ ಅಂಗಡಿ ಇಡಲು ಹೊರಟಿದ್ದಳು. ಗಿರಾಕಿಗಳ ಬಟ್ಟೆ ಇಡಲು ಇದ್ದದ್ದು ಆ ಕಪಾಟೊಂದೇ. ಹಿರಿಯರು ಕೂತು, ತವರಿನಿಂದ ಬಂದದ್ದು ಆಕೆಯದು, ಗೋಡೆಗೆ ಸೇರಿದ್ದು ಮನೆಯದು ಎಂದು ತೀರ್ಮಾನ ಮಾಡಿದ್ದರು. ಕಪಾಟು ಬಿಚ್ಚಲು ನನ್ನನ್ನು ಕರೆಸಿದರು.

ಹೋಗಿ ನೋಡಿದರೆ, ಅತ್ತೆ ಮಹಾರಾಯಿತಿ ಕಪಾಟಿನ ಒಳಗಿನಿಂದ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿಟ್ಟಿದ್ದಳು. ಹೊಸ ಮೊಳೆಗಳು ಇನ್ನೂ ಹೊಳೆಯುತ್ತಿದ್ದವು. ಹೊಡೆದವನು ಆ ಗಂಡನೆಂಬ ಪ್ರಾಣಿ. ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ಕುಳಿತಿದ್ದ.

"ಗ್ವಾಡಿಗಿ ಬಡಿದಿದ್ದು ಮನೀದು. ಹಿರೇರ ಹೇಳ್ಯಾರ," ಎಂದಳು ಅತ್ತೆ.

ತೀರ್ಮಾನ ಹೇಳಿದ ಹಿರಿಯ ಗುರುಬಸಪ್ಪನವರು ಅಲ್ಲೇ ಇದ್ದರು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗದೆ ನೆಲ ನೋಡಿದರು. ಶಾಂತಮ್ಮನ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಮೊಳೆ ಎಲ್ಲಿ ಬಿದ್ದಿವೆ ಎಂದು ನೋಡಿದೆ, ನಗು ತಡೆಯಲಾಗಲಿಲ್ಲ. ಇಂಥ ಕಪಾಟಿನ ಹಲಗೆಗಳನ್ನು ಹಿಡಿದಿಡುವುದು ಕ್ಯಾಮ್ ಲಾಕ್, ಅಂದರೆ ಒಂದು ಸಣ್ಣ ಲೋಹದ ಬಿಲ್ಲೆ. ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಹಲಗೆ ಬಿಡುತ್ತದೆ. ಬೆನ್ನಿಗಿರುವುದು ತೆಳ್ಳನೆಯ ಹಾರ್ಡ್‌ಬೋರ್ಡ್ ಹಾಳೆ. ಅದು ಹಲಗೆಗಳ ಅಂಚಿನಲ್ಲಿ ಕೊರೆದ ಕಚ್ಚಿನಲ್ಲಿ ಸುಮ್ಮನೆ ಕೂತಿರುತ್ತದೆ. ದಪ್ಪ ಬೆನ್ನಿನ ತೇಗದ ಬೀರುಗಳನ್ನಷ್ಟೇ ಕಂಡಿದ್ದ ಆ ಬುದ್ಧಿವಂತರು ಮೊಳೆಗಳನ್ನೆಲ್ಲ ಅದಕ್ಕೇ ಹೊಡೆದಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು, ಮೇಲ್ಹಲಗೆ, ಪಕ್ಕದ ಹಲಗೆಗಳೆಲ್ಲ ಟೆಂಪೋ ಏರಿದವು. ಗೋಡೆಯ ಮೇಲೆ ಕಂದು ಹಾಳೆಯೊಂದೇ ಉಳಿಯಿತು.

"ಗ್ವಾಡಿಗಿ ಬಡಿದಿದ್ದು ಇಲ್ಲೇ ಐತಿ ನೋಡ್ರಿ ಯಜಮಾನ್ರ," ಎಂದೆ ಗುರುಬಸಪ್ಪನವರಿಗೆ.

ಗುರುಬಸಪ್ಪನವರಿಗೆ ಜೀವ ಬಂದಂತಾಯಿತು. ಮೊಳೆ ಕೀಳಿಸಿ ಹಾಳೆಯನ್ನೂ ಕೊಡಿಸುತ್ತೇನೆ ಎಂದು ಮುಂದೆ ಬಂದರು. ಶಾಂತಮ್ಮ ತಡೆದಳು.

"ಬ್ಯಾಡ್ರಿ. ತಾವು ಬಡಿದಿದ್ದು ತಾವೇ ನೋಡ್ಕೊಂತ ಕುಂದರ್ಲಿ."

ಬೆನ್ನಿನ ಹಾಳೆ ಇಲ್ಲದಿದ್ದರೆ ಕಪಾಟು ಓಲಾಡುತ್ತದೆ. ಕೊಟ್ಟೂರಿನಲ್ಲಿ ಹೊಸ ಪ್ಲೈವುಡ್ ಹಾಕಿ ನಿಲ್ಲಿಸಿದೆ. ಸಂಜೆಗೆಲ್ಲ ಆಕೆ ರವಿಕೆ ಬಟ್ಟೆಗಳನ್ನು ಮಡಚಿ ಇಟ್ಟಿದ್ದಳು.

ಸುತ್ತಿಗೆ ಯಾರ ಕೈಗೆ ಕೊಟ್ಟರೂ ಮೊಳೆ ಹೊಡೆಯುತ್ತಾರೆ, ಆದರೆ ಯಾವುದಕ್ಕೆ ಹೊಡೆಯುತ್ತಿದ್ದೇವೆ ಎಂದು ನೋಡುವವರು ಕಡಿಮೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಷ್ಟನ್ನೂ ಕಲಿಯದವರಿದ್ದಾರೆ. ಕೆಲವು ದಿನಗಳ ಮೇಲೆ ಆ ಗಂಡ ನಮ್ಮ ಅಂಗಡಿಗೆ ಬಂದ. ಗೋಡೆಯ ಮೇಲಿನ ಹಾಳೆ ಸುಮ್ಮನೆ ಹಾಳಾಗುತ್ತದೆ, ಅದಕ್ಕೆ ಹೊಂದುವ ಕಪಾಟು ಇದೆಯೇ ಎಂದು ಕೇಳಿದ.

"ಒಂದಿತ್ತು," ಎಂದೆ. "ಕೊಟ್ಟೂರಿಗೆ ಹೋಗೈತಿ."