ಕಥೆ ಮುಂದೆ ಹೋಗದ ಕೋಣೆ

"ಅಕ್ಕಾರ, ಮಾದೇವಿ ನಿಮ್ಮಲ್ಲಿ ಬಂದಾಳೇನ್ರಿ?"

ಕಳೆದ ಬುಧವಾರ ಮಧ್ಯಾಹ್ನ ಫೋನಿನಲ್ಲಿ ಹೀಗೆ ಕೇಳಿದವನು ನನ್ನ ತಂಗಿಯ ಗಂಡ ಶಿವಕುಮಾರ. ಹುಮನಾಬಾದಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ದನಿ ಎಂದಿನಂತೆ ತಣ್ಣಗಿತ್ತು. ಅವನು ಯಾರ ಮೇಲಾದರೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಇಲ್ಲಲ್ಲಪ್ಪ. ಯಾಕ, ಏನಾತು?"

"ಮುಂಜಾನಿ ಮನಿ ಬಿಟ್ಟಾಳ್ರಿ. ಹಸರ ಸೀರಿ, ಕೈಯಾಗ ಕರೇ ಚೀಲ. ಹೊರಗ ಬೀಳೋಮುಂದ ಒಮ್ಮಿ ಕ್ಯಾಮೆರಾ ಕಡಿ ನೋಡ್ಯಾಳ. ಫೋನ್ ಅಡಗಿಮನ್ಯಾಗ ಇಟ್ಟು ಹೋಗ್ಯಾಳ. ಅದೂ ಕಾಣಸಾಕತ್ತದ."

ಯಾವ ಕ್ಯಾಮೆರಾ? ಅಡುಗೆಮನೆಯಲ್ಲಿರುವ ಫೋನು ಅಂಗಡಿಯಲ್ಲಿ ಕೂತವನಿಗೆ ಕಾಣುವುದು ಹೇಗೆ? ನಾನು ಕೇಳುವಷ್ಟರಲ್ಲಿ ಅವನು "ಬಂದ್ರ ಕೂಡ್ಲೇ ತಿಳಸ್ರಿ" ಎಂದು ಫೋನ್ ಇಟ್ಟ.

ನನ್ನ ಮಗಳು ಸ್ಫೂರ್ತಿ ಟಿವಿ ಮುಂದೆ ಗೇಮ್ ಆಡುತ್ತಿದ್ದಳು. (ಇಪ್ಪತ್ತೊಂದು ವರ್ಷದವಳು ಆಡುವುದೇನು ಎಂದು ಕೇಳಬೇಡಿ. ಕೇಳಿ ಕೇಳಿ ನಾನು ಸೋತಿದ್ದೇನೆ.) ನನ್ನ ಮುಖ ನೋಡಿ ಆಟ ನಿಲ್ಲಿಸಿ ಚಿಕ್ಕಮ್ಮನ ಬಗ್ಗೆ ಕೇಳಿದಳು.

"ಮೌಶಿ ಎಲ್ಲಿ ಹೋಗ್ಯಾಳ ಮಮ್ಮಿ?"

ಗೊತ್ತಿದ್ದರಲ್ಲವೇ ಹೇಳುವುದು?

ಹೋದ ತಿಂಗಳು ಮಾದೇವಿ ಬಸವಕಲ್ಯಾಣಕ್ಕೆ ಬಂದು ನಮ್ಮ ಮನೆಯಲ್ಲಿ ಕೆಲವು ದಿನ ಇದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಮೊದಲೆಲ್ಲ ಬಂದರೆ ಮನೆ ತುಂಬ ಮಾತು. ಈ ಸಲ ಮಾತಿಗಿಂತ ಹೆಚ್ಚು ಅವಳ ಫೋನೇ ಸದ್ದು ಮಾಡುತ್ತಿತ್ತು. ಗಂಡನದೇ ಕರೆ: ಎಲ್ಲಿದ್ದೀ, ಯಾರ ಜೊತೆ ಇದ್ದೀ, ಹಿಂದೆ ಯಾರದ್ದೋ ದನಿ ಕೇಳಿತಲ್ಲ, ಯಾರದು. ಅವಳು ಮೆಲ್ಲಗೆ ಉತ್ತರ ಕೊಟ್ಟು ಬಂದು ಸ್ಫೂರ್ತಿಯ ಪಕ್ಕದಲ್ಲಿ ಕೂತುಬಿಡುತ್ತಿದ್ದಳು.

ಸ್ಫೂರ್ತಿ ಆಡುವುದು ಕಥೆ ಇರುವ ಗೇಮ್. ನೀರಿನಲ್ಲಿ ಮುಳುಗಿದ ಒಂದು ನಗರ, ಅಲ್ಲಿ ಕಳೆದುಹೋದ ತಮ್ಮನನ್ನು ಹುಡುಕುವ ಒಬ್ಬ ಹುಡುಗಿ. ಓಡಬೇಕು, ಅಡಗಬೇಕು, ಬಡಿದಾಡಬೇಕು. ನನಗದನ್ನು ನೋಡಲಾಗುವುದಿಲ್ಲ. ಆದರೆ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಹಳೇ ರೈಲ್ವೆ ವೇಟಿಂಗ್ ರೂಮ್ ಬರುತ್ತದೆ. ಒಂದು ಬೆಂಚು, ಒಲೆ ಮೇಲೆ ಕೆಟಲ್, ಮೂಲೆಯಲ್ಲಿ ಮಲಗಿದ ನಾಯಿ. ಶತ್ರುಗಳು ಒಳಗೆ ಬರುವುದಿಲ್ಲ. ಕಿಟಕಿಯಾಚೆ ನೀರಿನ ಸದ್ದು ಮಾತ್ರ.

"ಇಲ್ಲಿ ಕಥಿ ಮುಂದ ಹೋಗಾಂಗಿಲ್ಲ ಮೌಶಿ. ಆ ಬಾಗಲಾ ತೆಗಿಯೋತನ ಏನೂ ಆಗಾಂಗಿಲ್ಲ" ಎಂದಿದ್ದಳು ಸ್ಫೂರ್ತಿ.

"ಹಂಗಾದ್ರ ತೆಗಿಬ್ಯಾಡ. ಜರಾ ಇಲ್ಲೇ ಇರು."

ಆಮೇಲೆ ಮಾದೇವಿ ಕಂಟ್ರೋಲರನ್ನು ತಾನೇ ಇಸಿದುಕೊಂಡಳು. ನಡೆಸಲು ಬರುತ್ತಿರಲಿಲ್ಲ. ಆಟದೊಳಗಿನ ಹುಡುಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಆದರೂ ಆ ಕೋಣೆಯಲ್ಲೇ ಸುತ್ತು ಹಾಕಿಸಿದಳು, ಬೆಂಚಿನ ಮೇಲೆ ಕೂರಿಸಿದಳು. ನಂತರ ಕೇಳಿದಳು: "ಇಲ್ಲಿ ನಮ್ಮನ್ನ ಯಾರರ ನೋಡಾಕತ್ತಾರೇನು?"

"ಯಾರಿಲ್ಲ ಮೌಶಿ. ನಾವಿಬ್ರೇ."

ಆ ಪ್ರಶ್ನೆ ನನಗೆ ಅಡುಗೆಮನೆಗೆ ಕೇಳಿಸಿತ್ತು. ಅದು ಅರ್ಥವಾದದ್ದು ಬುಧವಾರ ಆ ಫೋನ್ ಬಂದ ಮೇಲೆ.

ನಾವಿಬ್ಬರೂ ಸ್ಕೂಟಿ ಹತ್ತಿ ಮೊದಲು ಬಸ್‌ಸ್ಟ್ಯಾಂಡಿಗೆ ಹೋದೆವು. ಹುಮನಾಬಾದ್ ಬಸ್ ಬಂತು. ಇಳಿದವರಲ್ಲಿ ಅವಳಿಲ್ಲ. ಇನ್ನೊಂದು ಬಂತು. ಅದರಲ್ಲೂ ಇಲ್ಲ. ಸ್ಫೂರ್ತಿ ತಾನಾಗಿಯೇ ಸ್ಕೂಟಿಯನ್ನು ತ್ರಿಪುರಾಂತ ಕೆರೆಯ ಕಡೆ ತಿರುಗಿಸಿದಳು.

ದಂಡೆಯ ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು.

ನಾನು ಅಲ್ಲೇ ನಿಂತೆ. ಮಾದೇವಿಯ ಚಪ್ಪಲಿ ಯಾವ ಬಣ್ಣದ್ದು? ಎಷ್ಟು ಸಲ ನೋಡಿದ್ದೇನೆ, ನೆನಪಿಗೆ ಬರುತ್ತಿಲ್ಲ. ಅಷ್ಟರಲ್ಲಿ ಆಚೆ ಬದಿಯಿಂದ ಒಬ್ಬ ಹೆಂಗಸು ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದು, ಆ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ ಹೋದಳು. ನಾನು ಕೆಳಗೆ ಕೂತೆ.

ಆಗಲೇ ಎರಡನೇ ಫೋನ್. "ನಾನೇ ಹೊಂಟೀನ್ರಿ ಅಕ್ಕಾರ. ಪೊಲೀಸ್ರಿಗಿ ಹೇಳಬ್ಯಾಡ್ರಿ. ಮರ್ಯಾದಿ ಪ್ರಶ್ನಿ ಅದ."

ಯಾರ ಮರ್ಯಾದೆ?

ಸ್ಫೂರ್ತಿ ಹೇಳಿದಳು: "ಮಮ್ಮಿ, ಮೌಶಿ ನಮ್ಮನಿಗಿ ಬರಾಂಗಿಲ್ಲ. ಬಂದ್ರ ಕಾಕಾ ಮೊದಲು ಅಲ್ಲೇ ಬರ್ತಾನ. ವಾಪಸ್ ಮನಿಗೂ ಹೋಗಾಂಗಿಲ್ಲ. ನಡುವ ಎಲ್ಲೋ ಅದಾಳ."

"ಇದು ನಿನ್ನ ಗೇಮ್ ಅಲ್ಲ ಸ್ಫೂರ್ತಿ."

"ಗೇಮ್ ಅಂತ ಯಾರಂದ್ರು? ಆಕಿಗಿ ಕುಂದ್ರಾಕ ಜಾಗ ಬೇಕಿತ್ತು. ನಡುವ ಬಸ್ ನಿಂದ್ರೋದು ಎಲ್ಲಿ?"

ಸಸ್ತಾಪುರ ಬಂಗ್ಲಾ. ಹೈವೇ ಬಿಟ್ಟು ಬಸವಕಲ್ಯಾಣಕ್ಕೆ ತಿರುಗುವ ಕ್ರಾಸ್. ಹೈದರಾಬಾದ್ ಕಡೆಗೆ, ಸೊಲ್ಲಾಪುರ ಕಡೆಗೆ ಹೋಗುವ ಲಾರಿಗಳು, ಚಹಾದಂಗಡಿಗಳು, ಯಾವುದೋ ಬಸ್ಸಿಗೆ ಕಾಯುವ ಜನ. ಅಲ್ಲಿ ಯಾರೂ ಯಾರನ್ನೂ ಎರಡನೇ ಸಲ ನೋಡುವುದಿಲ್ಲ.

ನಾವು ಸ್ಕೂಟಿಯಲ್ಲಿ ಹೋದಾಗ ಅವಳು ಅಲ್ಲಿದ್ದಳು. ಬಸ್ ಶೆಲ್ಟರಿನ ಬೆಂಚಿನ ಮೇಲೆ, ತೊಡೆಯ ಮೇಲೆ ಕಪ್ಪು ಚೀಲ, ಹಸಿರು ಸೀರೆ. ಸ್ವಲ್ಪ ಆಚೆ ಯಾವುದೋ ಹಳ್ಳಿಯ ಒಬ್ಬ ಮುದುಕಿ, ಕಾಲ ಬಳಿ ಒಂದು ಗಂಟು.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಓಡಿ ಹೋಗಿ ಕೈ ಹಿಡಿದೆಳೆಯಬೇಕು ಅನ್ನಿಸಿತು. ಸ್ಫೂರ್ತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ತಾನು ಹೋಗಿ ಮೌಶಿಯ ಪಕ್ಕ ಕೂತಳು. ನಾನು ಈ ಬದಿಗೆ ಕೂತೆ.

ನಿಮಗೆ ಆ ಸ್ಥಿತಿ ಅರ್ಥವಾಗಬೇಕು. ಹುಮನಾಬಾದಿನಿಂದ ನಮ್ಮೂರಿಗೆ ಬರುವ ಕಾರು ಈ ಕ್ರಾಸಿನಲ್ಲೇ ತಿರುಗಬೇಕು. ಅವನು ಹೊರಟು ಆಗಲೇ ಹೊತ್ತಾಗಿದೆ. ಅವನದು ಬಿಳಿ ಕಾರು; ದೂರದಲ್ಲಿ ಅಂಥದ್ದು ಕಂಡಾಗಲೆಲ್ಲ ನಾನು ಅರ್ಧ ಎದ್ದು ಕೂರುತ್ತಿದ್ದೆ. ಎಬ್ಬಿಸಿಕೊಂಡು ಹೋಗಬೇಕು. ಎಲ್ಲಿಗೆ? ಅವಳು ಏಳುತ್ತಲೂ ಇಲ್ಲ. ನನ್ನ ಪರ್ಸಿನಲ್ಲಿ ಫೋನ್ ಒದರಿಕೊಳ್ಳುತ್ತಿದೆ. ಒದರಲಿ ಎಂದು ಬಿಟ್ಟೆ.

ಕೊನೆಗೆ ಮಾದೇವಿಯೇ ಬಾಯಿ ಬಿಟ್ಟಳು. "ಆ ಕಡಿ ಬಸ್ಸೂ ಬಂದವು ಅಕ್ಕಾ, ಈ ಕಡಿ ಬಸ್ಸೂ ಬಂದವು. ಎಲ್ಲಾ ಬಿಟ್ಟೆ. ಇಲ್ಲಿ ಕುಂತ್ರ ಆರಾಮ ಅನಸ್ತು."

"ಕ್ಯಾಮೆರಾ ಅಂದನಲ್ಲ, ಏನದು?"

"ಮೊದಲ ಹೊರಗ ಹಚ್ಚಿದ, ಕಳ್ಳರ ಸಲುವಾಗಿ ಅಂದ. ಆಮ್ಯಾಲ ಪಡಸಾಲ್ಯಾಗ. ಈಗ ಅಡಗಿಮನ್ಯಾಗೂ. ಅಂಗಡ್ಯಾಗ ಕುಂತು ಮೊಬೈಲಿನಾಗ ನೋಡ್ತಾನ. ಕಿಡಕಿ ಹತ್ರ ನಿಂತ್ರ ಫೋನ್ ಬರ್ತದ, ಅಲ್ಲೇನ ಮಾಡಾಕತ್ತಿ ಅಂತ. ಬಾಯಿಗಿ ಸೆರಗ ಹಚ್ಚಿ ಅತ್ರ, ಯಾಕ ಮುಖ ಮುಚ್ಚಿಕೊಂಡಿ ಅಂತಾನ. ನಿನ್ನಿ ಅಂದ, ಮಲಗೋ ಖೋಲಿ ಒಂದ ಉಳದದ, ಅಲ್ಲೂ ಹಚ್ಚಸ್ತೀನಿ ಅಂತ."

ಮುದುಕಿ ಇತ್ತ ನೋಡದೆಯೇ ತನ್ನ ಗಂಟನ್ನು ಒಳಗೆ ಎಳೆದುಕೊಂಡು ನಮಗೆ ಇನ್ನಷ್ಟು ಜಾಗ ಮಾಡಿದಳು.

ಬಿಳಿ ಕಾರು ನಿಂತಿತು.

ಶಿವಕುಮಾರ ಇಳಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಅದೇ ತಣ್ಣನೆಯ ದನಿ. "ನಡಿ ಮಾದೇವಿ. ಕಾರಿನಾಗ ಕುಂದ್ರು. ಮನ್ಯಾಗ ಮಾತಾಡೋಣು."

ಅವಳು ಏಳಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡಳು. ನಾನು ಅವಳ ಹತ್ತಿರಕ್ಕೆ ಸರಿದೆ.

"ಏಳು. ಎಲ್ಲಾರೂ ನೋಡಾಕತ್ತಾರ" ಎಂದ, ಇನ್ನೂ ಮೆಲ್ಲಗೆ.

"ನೋಡ್ಲಿ" ಅಂದಳು ಮಾದೇವಿ. "ದಿನಾ ನೀವೊಬ್ಬರೇ ನೋಡ್ತಿದ್ರಿ. ಇವತ್ತ ಎಲ್ಲಾರೂ ನೋಡ್ಲಿ."

ಅವನು ಬಗ್ಗಿ ಅವಳ ಮೊಣಕೈಗೆ ಕೈ ಹಾಕಿದ. ಸ್ಫೂರ್ತಿ ಎದ್ದು ನಿಂತಳು. ನಾನೂ ಎದ್ದೆ. ಮುದುಕಿ ಕೂತಲ್ಲಿಂದಲೇ, ಎಲೆ ಅಡಿಕೆ ಜಗಿಯುತ್ತ, "ಹಿಂದ ಸರೀರಿ ಅಣ್ಣಾ. ಬರಾಂಗಿಲ್ಲ ಅನ್ನಾಕತ್ತಾಳಲ್ಲ" ಅಂದಳು. ಚಹಾದಂಗಡಿಯ ಮುಂದಿದ್ದ ಇಬ್ಬರು ಗ್ಲಾಸು ಕೆಳಗಿಟ್ಟು ನಾಲ್ಕು ಹೆಜ್ಜೆ ಹತ್ತಿರ ಬಂದು ನಿಂತರು.

ಅವನು ಕೈ ತೆಗೆದ. ಸುತ್ತಲೂ ಕಣ್ಣಾಡಿಸಿದ. ತನ್ನನ್ನು ಇಷ್ಟು ಜನ ಒಟ್ಟಿಗೆ ನೋಡುವುದು ಅವನಿಗೆ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ. "ಅಕ್ಕಾರ, ನೀವರ ಬುದ್ಧಿ ಹೇಳ್ರಿ" ಎಂದು ನನಗೆ ಹೇಳಿ, ಕಾರು ಹತ್ತಿ, ಹುಮನಾಬಾದ್ ಕಡೆಗೇ ತಿರುಗಿಸಿದ.

ಕಾರು ಮರೆಯಾಯಿತು. ಆಮೇಲೆ ಬಹಳ ಹೊತ್ತು ನಾವು ಅಲ್ಲೇ ಕೂತಿದ್ದೆವು. ಕಲ್ಯಾಣದ ಬಸ್ ಬಂದಾಗ ಮೊದಲು ಎದ್ದವಳು ಮಾದೇವಿಯೇ; ಸ್ಫೂರ್ತಿ ಸ್ಕೂಟಿಯಲ್ಲಿ ನಮ್ಮ ಹಿಂದೆ ಬಂದಳು.

ಈಗ ಅವಳು ನಮ್ಮ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಮೊದಲ ದಿನ ನಾನು ಗಾಬರಿಯಾಗಿ ಬಾಗಿಲು ಬಡಿಯಲು ಕೈ ಎತ್ತಿದ್ದೆ. ಒಳಗಿನಿಂದ ಗೊರಕೆ ಕೇಳಿಸಿತು. ಕೈ ಇಳಿಸಿದೆ.

ಸ್ಫೂರ್ತಿ ಒಂದು ವಿಷಯ ಹೇಳಿದಳು. ಗೇಮ್‌ಗಳಲ್ಲಿ ಇಂಥ ನಡುವಿನ ಜಾಗಗಳು ಎಷ್ಟೋ ಸಲ ಮಷೀನಿನ ಸೋಮಾರಿತನ ಮುಚ್ಚಲು ಹುಟ್ಟಿದಂಥವಂತೆ. ಮುಂದಿನ ಅಧ್ಯಾಯ ಲೋಡ್ ಆಗುವತನಕ ಆಡುವವರನ್ನು ಒಂದು ಉದ್ದನೆಯ ಓಣಿಯಲ್ಲೋ ಲಿಫ್ಟಿನಲ್ಲೋ ನಿಲ್ಲಿಸಿಡಬೇಕಿತ್ತು. ಆಮೇಲೆ ಮಾಡುವವರಿಗೇ ಗೊತ್ತಾಯಿತಂತೆ, ಜನಕ್ಕೆ ಅಲ್ಲಿ ನಿಲ್ಲುವುದೇ ಇಷ್ಟ ಎಂದು. ಬೆಂಕಿ ಹಾಕಿದ ಬಿಡಾರ, ರೈಲಿನ ಡಬ್ಬಿ, ದೀಪ ಇರುವ ಕೋಣೆ, ಹೀಗೆ ಬೇಕೆಂದೇ ಕಟ್ಟತೊಡಗಿದರು. ಕೊಲ್ಲುವ ಆಟ ಮಾಡುವವರಿಗೂ ಇಷ್ಟು ಕರುಣೆ ಬಂತಲ್ಲ ಎಂದು ನನಗೆ ಆಶ್ಚರ್ಯ. ನಾವು ಮನೆ ಕಟ್ಟಿಸುವಾಗ ದೇವರ ಕೋಣೆ, ಸ್ಟೋರ್ ರೂಮ್, ಕಾರ್ ಪಾರ್ಕಿಂಗ್ ಎಲ್ಲದಕ್ಕೂ ಜಾಗ ಬಿಡುತ್ತೇವೆ. ಹೆಂಗಸೊಬ್ಬಳು ಯಾರ ಕಣ್ಣಿಗೂ ಬೀಳದೆ ಸುಮ್ಮನೆ ಕೂರುವುದಕ್ಕೆ?

ಭಾನುವಾರ ಎರಡೂ ಮನೆಯ ಹಿರಿಯರು ನಮ್ಮಲ್ಲಿ ಸೇರಿದ್ದರು. ಅಡುಗೆಮನೆಯ ಕ್ಯಾಮೆರಾ ತೆಗೆಸುತ್ತೇನೆ, ಪಡಸಾಲೆಯದು ಇರಲಿ ಎಂದು ಶಿವಕುಮಾರ ಹೇಳಿಕಳಿಸಿದ್ದ. "ಅದೂ ಹೋಗೋತನ ನಾ ಬರಾಂಗಿಲ್ಲ" ಎಂದಳು ಮಾದೇವಿ. ಮಾತು ಅಲ್ಲಿಗೇ ನಿಂತಿದೆ.

ಹುಮನಾಬಾದಿನಿಂದ ಬಂದಿದ್ದ ಒಬ್ಬ ಹಿರಿಯರು ಎದ್ದು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ಹೊಡಿತಾನೇನವ್ವ? ಇಲ್ಲ. ಕುಡಿತಾನೇನು? ಇಲ್ಲ. ಇಷ್ಟ ಚಲೋ ನೋಡ್ಕೊಳ್ಳಾಕತ್ತಾನ, ಆಕಿಗಿ ಮತ್ತೇನ ತ್ರಾಸು?"

ನೋಡಿಕೊಳ್ಳುವುದಕ್ಕೂ ನೋಡುತ್ತಲೇ ಇರುವುದಕ್ಕೂ ಇರುವ ಅಂತರ ತಿಳಿಯುವಷ್ಟು ಕನ್ನಡವೂ ನಮಗೆ ಬರುವುದಿಲ್ಲವೇ?