ಫ್ರಿದಾ ನೌಮೊವ್ನಾಳ ಎಡತಿರುವು

ಈ ಕಥೆಯಲ್ಲಿ ರಾಜನಿಲ್ಲ, ರಾಣಿಯಿಲ್ಲ. ರಾಕ್ಷಸ ಒಬ್ಬನಿದ್ದಾನೆ. ಅವನ ಹತ್ತಿರ ಒಂದು ಬಿಳಿ ಕಾರಿದೆ, ಕಾರಿನ ನೆತ್ತಿಯ ಮೇಲೆ ಕಲಿಯುವವರ ಬೋರ್ಡಿದೆ. ಹೆಸರು ಲ್ಯೋವಾ. ಅವನ ಮೇಲೆ ಹಲ್ಲು ಮಸೆದವಳು ಇಸ್ರೇಲಿನ ಅಶ್ದೋದ್ ಊರಿನ ನಮ್ಮ ಕಟ್ಟಡದ ಎರಡನೇ ಮಹಡಿಯ ಫ್ರಿದಾ ನೌಮೊವ್ನಾ. ನಾನು ಮೂರನೇ ಮಹಡಿಯ ಬೆಲ್ಲಾ. ಎಲ್ಲವನ್ನೂ ಕಣ್ಣಾರೆ ಕಂಡವಳು, ನಡುವೆ ಒಂದು ಕಡೆ ತಪ್ಪು ಮಾಡಿದವಳು ಕೂಡ.

ಫ್ರಿದಾ ಬೆಲಾರೂಸಿನ ಗೊಮೆಲ್ ಪಟ್ಟಣದಲ್ಲಿ ಇಪ್ಪತ್ತನಾಲ್ಕು ವರ್ಷ ಟ್ರಾಲಿಬಸ್ ಓಡಿಸಿದವಳು. ನೆತ್ತಿಯ ಮೇಲೆ ಎರಡು ಕೋಲು ಚಾಚಿ, ಬೀದಿಯ ಮೇಲಿನ ತಂತಿಯಿಂದ ಕರೆಂಟು ಹೀರುತ್ತ ಓಡುವ ಬಸ್ಸು ಅದು. ಹಿಮ ಬಿದ್ದರೂ ಮಂಜುಗಡ್ಡೆ ಕಟ್ಟಿದರೂ ಒಂದು ನಾಯಿಗೂ ಆಕೆಯ ಗಾಡಿ ತಾಗಿರಲಿಲ್ಲ. ತೊಂಬತ್ತೊಂದರಲ್ಲಿ ಇಸ್ರೇಲಿಗೆ ಬಂದಿಳಿದಾಗ ಐವತ್ತೊಂದು ವರ್ಷ. ಗಂಡ ಗೊಮೆಲಿನಲ್ಲೇ ಮಣ್ಣಾಗಿದ್ದ. ಇಲ್ಲಿ ಒಂದು ಶಾಲೆಯ ಕಕ್ಕಸು ತೊಳೆಯುವ ಕೆಲಸ ಸಿಕ್ಕಿತು. ಆದರೂ ಯಾರು ಕೇಳಲಿ, ಆಕೆಯ ಉತ್ತರ ಒಂದೇ.

"ಏನು ಕೆಲ್ಸ ಮಾಡ್ತೀರಾ?"

"ನಾನು ಡ್ರೈವರು."

"ಅಲ್ಲ, ಈಗ ಏನು ಮಾಡ್ತಿದೀರಾ ಅಂತ."

"ಈಗ ಕಕ್ಕಸು ತೊಳೀತಿದೀನಿ. ನಾನು ಡ್ರೈವರು."

ಊರು, ಭಾಷೆ, ಗಂಡ, ಎಲ್ಲ ಹೋದ ಮೇಲೆ ಉಳಿದಿದ್ದ ಆಸ್ತಿ ಆ ಒಂದು ಮಾತು. ಆದರೆ ಟ್ರಾಲಿಬಸ್ಸಿನ ಲೈಸೆನ್ಸು ಇಲ್ಲಿ ಕಾರಿಗೆ ನಡೆಯುವುದಿಲ್ಲ. ಮೊದಲಿನಿಂದ ಪಾಠ, ಮೊದಲಿನಿಂದ ಟೆಸ್ಟು. ನಮ್ಮ ಬಡಾವಣೆಯಲ್ಲಿ ರಷ್ಯನ್ ಮಾತಾಡುವ ಮೇಷ್ಟ್ರು ಲ್ಯೋವಾ ಒಬ್ಬನೇ. ನನಗೂ ಲೈಸೆನ್ಸು ಬೇಕಿತ್ತು, ಜೊತೆಗೇ ಸೇರಿದೆ. ನಾನು ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು, ಹೀಬ್ರೂ ಚೆನ್ನಾಗಿ ಬರುತ್ತಿತ್ತು. ಫ್ರಿದಾಗೆ "ನಮಸ್ಕಾರ", "ಎಷ್ಟು?" ಬಿಟ್ಟರೆ ಬೇರೇನೂ ಬಾರದು.

ಲ್ಯೋವಾನ ಬಾಯಿ ಕೆಟ್ಟದ್ದು. ಮೂಲೆಯಂಗಡಿಯಲ್ಲಿ ಉಪ್ಪುಮೀನಿಗೆ ಸಾಲು ನಿಂತವರ ಮುಂದೆಯೇ ಶುರುಮಾಡುತ್ತಿದ್ದ.

"ಏನ್ ಮೇಡಂ ಟ್ರಾಲಿಬಸ್ಸು, ನೆಟ್ಟಗೆ ನಡ್ಕೊಂಡ್ ಬಂದ್ರಾ, ತಂತಿ ಹಿಡ್ಕೊಂಡ್ ಬಂದ್ರಾ?"

ಸಾಲು ನಗುತ್ತಿತ್ತು. ಫ್ರಿದಾ ಮೀನು ಕಟ್ಟಿಸಿಕೊಂಡು ಸುಮ್ಮನೆ ಹೊರಡುತ್ತಿದ್ದಳು. ಟೆಸ್ಟಿಗೆ ಯಾರನ್ನು ಯಾವಾಗ ಕಳಿಸಬೇಕೆನ್ನುವುದು ಅವನ ಕೈಯಲ್ಲಿತ್ತಲ್ಲ.

ಟೆಸ್ಟಿನ ದಿನ ಫ್ರಿದಾ ಸ್ಟಿಯರಿಂಗ್ ಹಿಡಿದು ಕೂತಳು, ಪಕ್ಕದಲ್ಲಿ ಪರೀಕ್ಷಕ. ನನ್ನ ಸರದಿ ಆಮೇಲೆ, ಹಿಂದಿನ ಸೀಟಿನಲ್ಲಿದ್ದೆ. ಮೇಷ್ಟ್ರುಗಳು ಕಾರಿನಲ್ಲಿರುವ ಹಾಗಿಲ್ಲ. ಲ್ಯೋವಾ ಕಿಟಕಿಗೆ ಬಾಗಿ ಪರೀಕ್ಷಕನಿಗೆ ಹೀಬ್ರೂವಿನಲ್ಲಿ ಹೇಳಿದ: "ಎಡಕ್ಕೆ ತಿರುಗು ಅನ್ನಿ. ಮುದಿ ಕುದುರೆ ಹೆಂಗೆ ನೆಗೆಯುತ್ತೆ ನೋಡಿ."

ಪರೀಕ್ಷಕ ನಕ್ಕ. ಮುಚ್ಚಿಟ್ಟು ಏನು ಪ್ರಯೋಜನ, ನಾನೂ ನಕ್ಕೆ. ಫ್ರಿದಾ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

ಗಾಡಿ ಸೊಗಸಾಗಿ ಹೊರಟಿತು. ಎರಡು ಬೀದಿ ದಾಟಿದೆವು. ಆಮೇಲೆ ಪರೀಕ್ಷಕ ಕೈ ತೋರಿಸಿ "ಎಡಕ್ಕೆ" ಅಂದ. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಎಡಕ್ಕೆ ತಿರುಗುವುದೆಂದರೆ ಎದುರಿನಿಂದ ಬರುವವರನ್ನೆಲ್ಲ ಅಡ್ಡ ದಾಟಬೇಕು. ನಿಧಾನ ಮಾಡಬೇಕಾದ ಜಾಗ. ಫ್ರಿದಾಳ ಬಲಗಾಲು ಪೆಡಲನ್ನು ಒತ್ತಿತು. ಕಾರು ಬುಸ್ಸನೆ ನುಗ್ಗಿತು, ಎದುರಿನ ಬ್ರೆಡ್ ವ್ಯಾನು ಕೀರೆಂದು ನಿಂತಿತು, ಪರೀಕ್ಷಕ ತನ್ನ ಕಡೆಯ ಬ್ರೇಕ್ ತುಳಿದ. ಟೆಸ್ಟು ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಆಕೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದಳು.

"ಅವನು ಕಿಟಕೀಲಿ ಏನಂದ?"

ಹೇಳಿದೆ. ಒಂದು ಪದ ಬಿಡದೆ ಹೇಳಿದೆ.

ಆಕೆ ತನ್ನ ಬಲಗಾಲನ್ನು ಮುಂದೆ ಚಾಚಿ ತೋರಿಸಿದಳು. "ನಮ್ಮೂರಲ್ಲಿ ತಂತಿ ಕವಲೊಡೆಯೋ ಕಡೆ ಟ್ರಾಲಿಬಸ್ಸಿನ ಪೆಡಲ್ ಒತ್ಕೊಂಡೇ ಹೋದ್ರೆ ಮೇಲಿನ ತಂತಿ ಕೀಲು ಎಡಕ್ಕೆ ಹೊರಳುತ್ತೆ, ಬಸ್ಸೂ ಎಡಕ್ಕೆ. ಕಾಲೆತ್ತಿದ್ರೆ ಬಲಕ್ಕೆ. ಇಪ್ಪತ್ನಾಲ್ಕು ವರ್ಷ ಕಣೇ ಬೆಲ್ಲಾ. ಎಡ ಅಂದ ಕೂಡ್ಲೇ ನನ್ನ ಕಾಲು ಯಾರನ್ನೂ ಕೇಳಲ್ಲ."

"ಲ್ಯೋವಾಗೆ ಗೊತ್ತಿತ್ತಾ?"

"ಎರಡನೇ ಪಾಠದಲ್ಲೇ ನೋಡಿದ್ದ. 'ಅದೇನೂ ಇಲ್ಲ, ನಿಮ್ಗೆ ಗಾಬರಿ, ಇನ್ನೊಂದ್ಹತ್ತು ಪಾಠ ತಗೊಳ್ಳಿ' ಅಂದಿದ್ದ." ಆಕೆ ತಲೆಯೆತ್ತಿದಳು. "ಮುದುಕಿ ಅನ್ಲಿ, ಕುದುರೆ ಅನ್ಲಿ. ನನ್ನ ಡ್ರೈವರಿಕೇನ ಅವನು ಕೋಡಂಗಿ ಆಟ ಮಾಡಿ ತೋರಿಸ್ದ. ಆ ಮಾತನ್ನ ಅವನು ಎಲ್ಲರ ಮುಂದೆ ತನ್ನ ಬಾಯಿಂದಲೇ ಇನ್ನೊಂದ್ಸಲ ಹೇಳ್ಬೇಕು. ಆಗ ಯಾರೂ ನಗಬಾರ್ದು. ಅಲ್ಲೀವರ್ಗೂ ಬಿಡಲ್ಲ."

"ಹೋಗ್ಲಿ ಬಿಡಿ ನೌಮೊವ್ನಾ..."

"ನೀನೂ ನಕ್ಕೆ ಅಲ್ವಾ? ನಿನಗೂ ಇದೆ ಶಿಕ್ಷೆ. ನಾಳೆಯಿಂದ ಹೀಬ್ರೂ ಕಲ್ಸು."

ಆಕೆ ಬೇರೆ ಊರಿನ ಮೇಷ್ಟ್ರನ್ನು ಹುಡುಕಬಹುದಿತ್ತು. ಇಲ್ಲ, ಮತ್ತೆ ಲ್ಯೋವಾನ ಕಾರಿಗೇ ಹತ್ತಿದಳು. ಪಾಠವಿಲ್ಲದ ದಿನ ಕಾಲಿಗೆ ತಾನೇ ಪಾಠ ಹೇಳಿದಳು. ಶಾಲೆಗೆ ನಡೆದು ಹೋಗುವಾಗ ಎಡಕ್ಕೆ ತಿರುಗುವ ಮೂಲೆ ಮೂಲೆಯಲ್ಲೂ ನಿಂತು, ಬಲಗಾಲನ್ನು ಕೊಕ್ಕರೆಯ ಹಾಗೆ ಮೇಲೆತ್ತಿ, ಐದು ಎಣಿಸಿ ಇಡುವಳು. ಜನ ಹುಚ್ಚು ಹಿಡಿಯಿತೆಂದರು. ಮೂರು ತಿಂಗಳು ಹೀಗೆ ನಡೆಯಿತು. ಎರಡನೇ ಟೆಸ್ಟಿನಲ್ಲಿ ಅದೇ ಪರೀಕ್ಷಕ ಮೂರು ಸಲ ಎಡಕ್ಕೆ ತಿರುಗಿಸಿದ. ಮೂರು ಸಲವೂ ಕಾರು ತುಂಬಿದ ಕೊಡ ಹೊತ್ತವಳ ಹಾಗೆ ತಿರುಗಿತು. ಪಾಸು. ನಾನು ಮೊದಲ ಸಲವೇ ಪಾಸಾಗಿದ್ದೆ, ಅದನ್ನು ಯಾರೂ ಕೇಳಲಿಲ್ಲ.

ಲ್ಯೋವಾ ಹಲ್ಲು ಕಿರಿದು ಕೈ ಚಾಚಿದ. "ಭೇಷ್! ನಾನಿಲ್ದೆ ಆಗ್ತಿತ್ತಾ?"

ಫ್ರಿದಾ ಕೈ ಕೊಡಲಿಲ್ಲ.

ಹಗೆ ತೀರಿತು ಅಂದುಕೊಂಡಿದ್ದೆ. ಮಾರನೆಯ ಸಂಜೆ ನೋಡಿದರೆ ನಮ್ಮ ಕಟ್ಟಡದ ಬಾಗಿಲ ಬೆಂಚಿನ ಮೇಲೆ, ಸೂರ್ಯಕಾಂತಿ ಬೀಜ ಬಿಡಿಸುತ್ತ ಆಕೆ ಕೂತಿದ್ದಾಳೆ. ಲ್ಯೋವಾನ ಶಿಷ್ಯರು ಅದೇ ದಾರಿಯಲ್ಲಿ ಹೋಗಬೇಕು. ಒಬ್ಬೊಬ್ಬರನ್ನೇ ಕೂಗಿ ನಿಲ್ಲಿಸಿದಳು.

"ಬಾಪ್ಪಾ ಇಲ್ಲಿ. ಹಳೇ ದೇಶದಲ್ಲಿ ಏನು ಓಡಿಸ್ತಿದ್ದೆ?"

"ಲಾರಿ ನೌಮೊವ್ನಾ, ವೊರ್ಕುತಾದಲ್ಲಿ. ಎರಡು ಸಲ ಫೇಲಾದೆ. ನಂಗೆ ಗಾಬರಿಯಂತೆ."

"ಗಾಬರಿಯಲ್ಲ, ಮಣ್ಣು. ಇಳಿಜಾರಲ್ಲಿ ಪೆಟ್ರೋಲ್ ಉಳ್ಸೋಕೆ ಗೇರ್ ತೆಗ್ದು ಬಿಡ್ತೀಯಾ?"

ಅವನು ಬಾಯಿ ತೆರೆದ. "ಎಲ್ಲರೂ ಹಂಗೇ ತಾನೆ ಮಾಡೋದು?"

"ಇಲ್ಲಿ ಹಂಗೆ ಮಾಡಿದ್ರೆ ಫೇಲು. ಹೋಗು, ಇನ್ನೊಂದ್ಸಲ ಟೆಸ್ಟ್ ಕೊಡು. ಗೇರ್ ಮುಟ್ಟಬೇಡ."

ಅವನು ಪಾಸಾದ. ಸುದ್ದಿ ಹಬ್ಬಿತು. ಅಲ್ಲಿನ ಸಾಮೂಹಿಕ ಬೇಸಾಯದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದ ಒಬ್ಬಾಕೆ ಬಂದಳು. ಉತ್ತ ಸಾಲು ನೆಟ್ಟಗೆ ಬಂತೋ ಎಂದು ಹಿಂದೆ ತಿರುಗಿ ನೋಡುವುದು ಅವಳಿಗೆ ಅಭ್ಯಾಸ. ಲೆನಿನ್‌ಗ್ರಾಡಿನ ಎಂಜಿನಿಯರ್ ಒಬ್ಬರು ಬಂದರು. ಕಾರು ನಿಲ್ಲಿಸಿದ ಕೂಡಲೇ ಅವರು ಇಳಿದು, ಗಾಜು ಒರೆಸುವ ಎರಡೂ ಕಡ್ಡಿಗಳನ್ನು ಕಿತ್ತು ಜೇಬಿಗಿಳಿಸುತ್ತಿದ್ದರು. ಅವರ ಊರಿನಲ್ಲಿ ಕಿತ್ತಿಟ್ಟುಕೊಳ್ಳದಿದ್ದರೆ ಕಳ್ಳರ ಪಾಲು. ಟೆಸ್ಟಿನ ದಿನವೂ ಪರೀಕ್ಷಕನ ಕಣ್ಣೆದುರಿಗೇ ಕಿತ್ತಿದ್ದರಂತೆ.

ಇವರ ಈ ಅಭ್ಯಾಸಗಳೆಲ್ಲ ಲ್ಯೋವಾಗೆ ಮೊದಲೇ ಗೊತ್ತಿದ್ದವು. ಎಲ್ಲರಿಗೂ ಗಾಬರಿ ಅಂದಿದ್ದ, ಎಲ್ಲರಿಗೂ ಇನ್ನೊಂದ್ಹತ್ತು ಪಾಠ ಬರೆದಿದ್ದ. ಈಗ ಜನ ಎಂಟೋ ಹತ್ತೋ ಪಾಠಕ್ಕೆ ಪಾಸಾಗತೊಡಗಿದರು. ಬಿಳಿ ಕಾರು ದಿನವಿಡೀ ಮರದ ಕೆಳಗೆ ನಿಂತು ಹಕ್ಕಿಗಳ ಪಾಲಾಯಿತು.

"ಎಂಥ ಪುಣ್ಯದ ಕೆಲ್ಸ ಮಾಡ್ತಿದೀರಾ!" ಅಂದಳು ಟ್ರ್ಯಾಕ್ಟರಿನಾಕೆ.

"ಪುಣ್ಯ ಅಲ್ಲಮ್ಮ, ಸೇಡು," ಅಂದಳು ಫ್ರಿದಾ. "ಬೀಜ ತಗೋ."

ವಸಂತಕಾಲದಲ್ಲಿ ಲ್ಯೋವಾ ಬೆಂಚಿನ ಹತ್ತಿರ ಬಂದ. ಟೋಪಿ ಕೈಯಲ್ಲಿತ್ತು.

"ಫ್ರಿದಾ ನೌಮೊವ್ನಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ರಲ್ಲ."

"ಹೌದು."

"ನಾನೇನು ಮಾಡಿದ್ದೆ ನಿಮ್ಗೆ? ಒಂದ್ ತಮಾಷೆ ಮಾತು!"

"ಆ ಮಾತು ನೆನಪಿದ್ಯಲ್ಲ, ಸದ್ಯ. ಶುಕ್ರವಾರ ಅಂಗಡೀಲಿ ಮೀನಿನ ಸಾಲು ತುಂಬಿರುತ್ತೆ. ಬಂದು ಅಲ್ಲೇ ಹೇಳು."

ಶುಕ್ರವಾರ ಅರ್ಧ ಬಡಾವಣೆ ಅಂಗಡಿಯಲ್ಲಿತ್ತು. ಯಾರಿಗೂ ಮೀನು ಬೇಕಿರಲಿಲ್ಲ. ಲ್ಯೋವಾ ಉಪ್ಪಿನಕಾಯಿ ಪೀಪಾಯಿಯ ಪಕ್ಕ ನಿಂತು ಕೆಮ್ಮಿದ.

"ಅವತ್ತು ನಾನು... ಈ ಅಮ್ಮನಿಗೆ ಎಡಕ್ಕೆ ತಿರುಗೋದು ಸ್ವಲ್ಪ ಕಷ್ಟ, ನೋಡ್ಕೊಳ್ಳಿ ಅಂತ ಪರೀಕ್ಷಕನಿಗೆ..."

"ಕುದುರೆ ಎಲ್ಲಿ ಹೋಯ್ತು?" ಫ್ರಿದಾ ಕೇಳಿದಳು. ಹೀಬ್ರೂವಿನಲ್ಲಿ ಕೇಳಿದಳು. ಒಂದೂ ತಪ್ಪಿಲ್ಲದೆ.

ಅವನ ಕಿವಿ ಕೆಂಪಾಯಿತು. ಹೇಳಿದ. ಮುದಿ, ಕುದುರೆ, ನೆಗೆಯುತ್ತೆ, ಎಲ್ಲವನ್ನೂ ಹೇಳಿದ. ಮೊದಲು ಹೀಬ್ರೂವಿನಲ್ಲಿ, ಆಮೇಲೆ ರಷ್ಯನ್‌ನಲ್ಲಿ. ಸಾಲಿನಲ್ಲಿ ವೊರ್ಕುತಾದವನಿದ್ದ, ಎಂಜಿನಿಯರ್ ಇದ್ದರು, ಟ್ರ್ಯಾಕ್ಟರಿನಾಕೆ ಇದ್ದಳು. ಒಬ್ಬರ ತುಟಿಯೂ ಅಲುಗಲಿಲ್ಲ.

"ಹಿಂದಿರೋರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದ. ಆಮೇಲೆ ಬೆವರು ಒರೆಸಿಕೊಂಡು, "ಆಯ್ತಲ್ಲ? ಇನ್ನಾದ್ರೂ ಬೆಂಚು ಬಿಡ್ತೀರಾ?" ಅಂದ.

"ಬೆಂಚು ಬಿಡ್ತೀನಿ ಅಂತ ನಾನ್ಯಾವಾಗ ಅಂದೆ? ಹೇಳು ಅಂದೆ, ಹೇಳ್ದೆ. ಸರಿ ಲ್ಯೋವಾ, ಪಕ್ಕಕ್ಕೆ ಸರಿ. ಜನ ಮೀನು ತಗೋಬೇಕು."

ಬೇಸಿಗೆ ಮುಗಿಯುವುದರೊಳಗೆ ಅವನು ಮನೆ ಖಾಲಿ ಮಾಡಿ ಬೇರ್ಷೆಬಾ ಊರಿನ ಅಕ್ಕನ ಮನೆಗೆ ಹೋದ. ಅಲ್ಲಿ ಹೊಸದಾಗಿ ಪಾಠ ಶುರುಮಾಡಿದ್ದಾನಂತೆ ಎಂದು ನಾನೇ ಬಂದು ಫ್ರಿದಾಗೆ ಹೇಳಿದೆ. ಅಷ್ಟರಲ್ಲಿ ಆಕೆ ಹಳೆಯ ಕಾರೊಂದನ್ನು ಕೊಂಡಿದ್ದಳು. ಶಾಲೆಯ ಕೆಲಸ ಬಿಟ್ಟು, ನಡೆಯಲಾಗದ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಹಿಡಿದಿದ್ದಳು. ಸುದ್ದಿ ಕೇಳಿ ಕೈಯಲ್ಲಿದ್ದ ಬೀಜ ಕೆಳಗಿಟ್ಟಳು.

"ಬೇರ್ಷೆಬಾದಲ್ಲಿ ನಮ್ಮೋರು ತುಂಬ ಜನ ಇದಾರೆ ಅಲ್ವಾ?"

"ಇದಾರೆ. ಯಾಕೆ?"

"ಕಾರಲ್ಲಿ ಎಷ್ಟು ಹೊತ್ತಾಗುತ್ತೆ?"

"ಒಂದು ಗಂಟೆ. ನೌಮೊವ್ನಾ, ಸಾಕು ಬಿಡಿ, ಅವನು ಹೇಳಿದ್ದಾಯ್ತಲ್ಲ!"

"ಇಲ್ಲೀವ್ರ ಮುಂದೆ ಹೇಳ್ದ," ಅಂದಳು ಆಕೆ. "ಅಲ್ಲೀವ್ರಿಗೆ ಗೊತ್ತಾಗೋದು ಬೇಡ್ವಾ? ಶನಿವಾರ ನಂಗೆ ರಜ. ಬೆಳಿಗ್ಗೆ ಎಂಟಕ್ಕೆ ರೆಡಿಯಾಗಿರು."