ಒಣಗಿದ್ದಾಗ ಸರಿಯಿದ್ದ ವೈರು

ನರಸಾಪುರದ ಒಂದು ಕೇಬಲ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನನಗೆ ಕೆಲಸ. ವೈರಿನ ರಬ್ಬರ್ ಹೊದಿಕೆಗೆ ಎಷ್ಟು ಬೇಗ ವಯಸ್ಸಾಗುತ್ತದೆ ಎಂದು ನೋಡುವುದು ನಮ್ಮ ಪಾಲಿನದು. ತುಂಡುಗಳನ್ನು ದಿನಗಟ್ಟಲೆ ಬಿಸಿ ಓವನ್ನಿನಲ್ಲಿಟ್ಟು, ಆಮೇಲೆ ಎಳೆದು ನೋಡುತ್ತೇವೆ. ಹೊಸ ರಬ್ಬರ್ ಎಳೆದಷ್ಟೂ ಬರುತ್ತದೆ. ಮುಪ್ಪಾದದ್ದು ಪಟ್ಟನೆ ಹರಿಯುತ್ತದೆ. ಅಕ್ಕ ತೀರಿಕೊಳ್ಳುವವರೆಗೆ ಅದು ನನಗೆ ಬರೀ ಸಂಬಳದ ಕೆಲಸವಾಗಿತ್ತು.

ಅಕ್ಕನನ್ನು ಕೊಟ್ಟದ್ದು ಹೋಳೂರಿನ ಕಡೆಯ ರೇಷ್ಮೆ ಸಾಕುವ ಮನೆಗೆ. ಮದುವೆಯಾದ ಹೊಸದರಲ್ಲಿ ಭಾವ ಮನೆಯಿಂದ ಹುಳುಮನೆಗೆ ಕಪ್ಪು ರಬ್ಬರ್ ವೈರು ಎಳೆದು, ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ಬಿಗಿದಿದ್ದರು. ಎಷ್ಟೋ ವರ್ಷಗಳ ಮೇಲೆ, ಒಂದು ಸಂಜೆ ಮಳೆ ಆಗತಾನೇ ನಿಂತಿತ್ತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ ಅಕ್ಕ, ಅದನ್ನು ಇಳಿಸಲು ಆ ಕಂಬ ಹಿಡಿದಳು. ಭಾವ ಓಡಿಹೋಗಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಥಿ ಮುಗಿದ ಮೇಲೆ ಭಾವ ಆ ವೈರನ್ನು ಬಿಚ್ಚಿ, ಚೀಲಕ್ಕೆ ತುಂಬಿ ನನ್ನ ಕೈಗಿಟ್ಟರು.

"ನಿಮ್ ಕಂಪನೀಲಿ ನೋಡಮ್ಮ. ಇದು ಹೆಂಗ್ ಕೆಟ್ಟಿತ್ತು ಅಂತ ನಂಗೆ ಗೊತ್ತಾಗ್ಬೇಕು."

ಮೇಲಧಿಕಾರಿಯನ್ನು ಕೇಳಿಕೊಂಡು ಅದಕ್ಕೆ ಮೆಗ್ಗರ್ ಹಚ್ಚಿದೆ. ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ತೋರಿಸುವ ಯಂತ್ರ ಅದು. ಒಣಗಿದ್ದ ವೈರು ಚೆನ್ನಾಗಿಯೇ ತಡೆಯಿತು. ನನಗೆ ನಂಬಿಕೆಯಾಗಲಿಲ್ಲ. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಮತ್ತೆ ಹಚ್ಚಿದೆ. ಮುಳ್ಳು ಸೊನ್ನೆಗೆ ಬಿತ್ತು. ಕಂಬಕ್ಕೆ ಬಿಗಿದಿದ್ದ ಜಾಗದಲ್ಲಿ, ಕಟ್ಟಿನ ಅಡಿಯಲ್ಲಿ, ರಬ್ಬರ್ ಗಡುಸಾಗಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಮಳೆ ನೀರು ಅದರೊಳಗೆ ಇಳಿದು, ತಾಮ್ರದಿಂದ ಕಂಬಕ್ಕೆ ದಾರಿ ಮಾಡಿತ್ತು. ಪಕ್ಕದ ಮೇಜಿನವಳು ಏನೋ ಕೇಳಿದಳು. ನಾನು ಹೊರಗೆ ಹೋಗಿ, ಕಂಪನಿ ಬಸ್ಸುಗಳ ಮರೆಯಲ್ಲಿ ನಿಂತು ಅತ್ತುಬಿಟ್ಟೆ.

ಭಾನುವಾರ ಹೋಗಿ ಭಾವನಿಗೆ ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಅವರು ಜಗಲಿಯ ಮೇಲೆ ಕೂತರು.

"ಕಂಬ ಜುಮ್ ಅಂತೈತೆ ಅಂದಿದ್ಲು ಕಣಮ್ಮ, ಹೋದ ಮಳೇಲಿ. ಮಾರನೇ ದಿನ ಬಿಸ್ಲಲ್ಲಿ ಟೆಸ್ಟರ್ ಇಟ್ಟು ನೋಡ್ದೆ. ಹತ್ಲೇ ಇಲ್ಲ. 'ನಿಂಗೆಲ್ಲೋ ಭ್ರಮೆ' ಅಂದ್ಬಿಟ್ಟೆ."

"ಒಣಗಿದ್ದಾಗ ನಮ್ ಮೆಗ್ಗರಿಗೇ ಗೊತ್ತಾಗ್ಲಿಲ್ಲ ಭಾವ. ನಿಮ್ ಟೆಸ್ಟರಿಗೆ ಹೆಂಗ್ ಗೊತ್ತಾಗ್ಬೇಕಿತ್ತು?"

"ಅವ್ಳಿಗೆ ಗೊತ್ತಾಗಿತ್ತಲ್ಲ," ಎಂದರು ಭಾವ.

ಆ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮನೆಯ ಹಳೇ ವೈರನ್ನೆಲ್ಲ ತೆಗೆಸಿದೆವು. ಹೊಸದು ಎಳೆಸಿ, ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚನ್ನೂ ಹಾಕಿಸಿದೆವು. ಎಲ್ಲ ಸರಿಯಾಗಿದೆ ಎಂದು ನಾನೇ ನೋಡಿ ಹೇಳಿದ್ದೇನೆ. ಆದರೂ ಮಳೆ ಬಂತೆಂದರೆ ಭಾವ ಮೇನ್ ಆರಿಸಿಬಿಡುತ್ತಾರೆ. ಟಾರ್ಚ್ ಹಿಡಿದುಕೊಂಡೇ ಹುಳುಗಳಿಗೆ ಸೊಪ್ಪು ಹಾಕುತ್ತಾರೆ.